ಮುಂಜಿಗೆ ಮುನ್ನ ಕೇಳಬೇಕಾದ ಒಂದು ಪ್ರಶ್ನೆ

ಮಗನ ಮುಂಜಿಗೆ ದಿನ ಗೊತ್ತು ಮಾಡುವಾಗ ನಾವು ಬಂಧುಗಳಿಗೆ ಹೇಳುತ್ತೇವೆ, ಊಟದ ಏರ್ಪಾಡು ಮಾಡುತ್ತೇವೆ. ಒಂದು ಪ್ರಶ್ನೆಯನ್ನು ಮಾತ್ರ ಮರೆಯುತ್ತೇವೆ: ಮನೆಯಲ್ಲಿ, ಅದರಲ್ಲೂ ತಾಯಿಯ ಕಡೆಯಲ್ಲಿ, ಗಾಯವಾದರೆ ರಕ್ತ ನಿಲ್ಲದ ಗಂಡುಮಕ್ಕಳು ಯಾರಾದರೂ ಇದ್ದಾರೆಯೇ? ಈ ಪ್ರಶ್ನೆಯ ಹಿಂದೆ ಸಾವಿರ ವರ್ಷಗಳಿಗೂ ಮೀರಿದ ಚರಿತ್ರೆಯಿದೆ.

ಸ್ಪೇನ್‌ನ ಕುರ್ತುಬಾ ಸಮೀಪದ ಮದೀನತುಝ್ಝಹ್ರಾದಲ್ಲಿ ಕ್ರಿ.ಶ. 936ರಲ್ಲಿ ಜನಿಸಿದ ಅಬುಲ್ ಕಾಸಿಮ್ ಅಝ್ಝಹ್ರಾವಿಯವರು ಶಸ್ತ್ರಚಿಕಿತ್ಸೆಯಲ್ಲಿ ಹೆಸರಾದವರು. 1000ದ ಸುಮಾರಿಗೆ ಅವರು ಪೂರ್ಣಗೊಳಿಸಿದ 'ಅತ್ತಸ್ರೀಫ್' ಗ್ರಂಥದಲ್ಲಿ 30 ಭಾಗಗಳಿವೆ. ಅದರಲ್ಲಿ ಅವರು ಒಂದು ಹಳ್ಳಿಯ ಸಂಗತಿಯನ್ನು ದಾಖಲಿಸಿದ್ದಾರೆ. ಅಲ್ಲಿನ ಗಂಡಸರಿಗೆ ದೊಡ್ಡ ಗಾಯವಾದರೆ ಸಾಯುವವರೆಗೂ ರಕ್ತ ಸುರಿಯುತ್ತಿತ್ತು. ಒಸಡು ಉಜ್ಜಿದ್ದಕ್ಕೇ ರಕ್ತ ಹರಿದು ಒಬ್ಬ ಹುಡುಗ ತೀರಿಕೊಂಡಿದ್ದ. ಇದರ ಕಾರಣ ತಮಗೆ ತಿಳಿಯದು, ಹಿಂದಿನವರ ಗ್ರಂಥಗಳಲ್ಲೂ ಇದು ಕಂಡಿಲ್ಲ ಎಂದು ಅವರು ಸಂಕೋಚವಿಲ್ಲದೆ ಒಪ್ಪಿಕೊಂಡರು. ಇಂದು ನಾವು ಹಿಮೋಫಿಲಿಯಾ ಎನ್ನುವ ಕಾಯಿಲೆಗೆ ಸಿಗುವ ಅತ್ಯಂತ ಹಳೆಯ ವೈದ್ಯಕೀಯ ವಿವರಣೆಗಳಲ್ಲಿ ಇದೂ ಒಂದು.

ಯಹೂದಿ ಧರ್ಮಪಂಡಿತರಿಗೂ ಇದರ ಅನುಭವವಿತ್ತು. ಇಬ್ಬರು ಅಣ್ಣಂದಿರು ಮುಂಜಿಯಿಂದ ಸತ್ತಿದ್ದರೆ ಮೂರನೆಯವನಿಗೆ ಮುಂಜಿ ಬೇಡವೆಂದು ಎರಡನೇ ಶತಮಾನದಲ್ಲೇ ತೀರ್ಪು ನೀಡಿದ್ದರು. ಅಕ್ಕತಂಗಿಯರ ಮಕ್ಕಳ ಸಾವನ್ನೂ ಅವರು ಲೆಕ್ಕಕ್ಕೆ ತೆಗೆದುಕೊಂಡಿದ್ದರು. 1803ರಲ್ಲಿ ಅಮೆರಿಕದ ವೈದ್ಯ ಜಾನ್ ಕಾನ್ರಾಡ್ ಆಟೊ ಈ ಕಾಯಿಲೆ ಗಂಡಸರನ್ನು ಕಾಡುತ್ತದೆ, ಆದರೆ ಆರೋಗ್ಯವಾಗಿಯೇ ಇರುವ ಹೆಂಗಸರ ಮೂಲಕ ಮುಂದಿನ ಪೀಳಿಗೆಗೆ ಸಾಗುತ್ತದೆ ಎಂದು ಬರೆದರು.

ಅಝ್ಝಹ್ರಾವಿಯವರಿಗೆ ಸಿಗದ ಕಾರಣ ಸಿಕ್ಕಿದ್ದು 20ನೇ ಶತಮಾನದಲ್ಲಿ. ಗಾಯವಾದೊಡನೆ ರಕ್ತನಾಳ ಕುಗ್ಗುತ್ತದೆ. ಪ್ಲೇಟ್‌ಲೆಟ್ ಎಂಬ ಸೂಕ್ಷ್ಮ ಕಣಗಳು ಬಂದು ತೂತಿಗೆ ಅಡ್ಡ ನಿಲ್ಲುತ್ತವೆ. ಬಳಿಕ ರಕ್ತದಲ್ಲಿರುವ ಪ್ರೋಟೀನ್‌ಗಳು ಒಂದನ್ನೊಂದು ಎಬ್ಬಿಸುತ್ತಾ ಹೋಗಿ, ಕೊನೆಗೆ ಫೈಬ್ರಿನ್ ಎಂಬ ನೂಲಿನ ಬಲೆ ಹೆಣೆಯುತ್ತವೆ. ಆ ಬಲೆಯೇ ಹೆಪ್ಪನ್ನು ಗಟ್ಟಿ ಮಾಡುವುದು. ಈ ಸರಪಳಿಯಲ್ಲಿ ಎಂಟನೇ ಅಂಶ ಕೊರತೆಯಾದರೆ ಹಿಮೋಫಿಲಿಯಾ 'ಎ', ಒಂಬತ್ತನೆಯದು ಕೊರತೆಯಾದರೆ 'ಬಿ'. ಅಲ್ಲಾಹನು ನಮ್ಮೊಳಗೆ ಇಟ್ಟಿರುವ ಈ ಕಾವಲಿನ ಬೆಲೆ ಅದು ತಪ್ಪಿದಾಗಲೇ ನಮಗೆ ಅರಿವಾಗುತ್ತದೆ.

ಇಲ್ಲಿ ನಾವು ಎರಡು ಮಾತು ಹೇಳಲೇಬೇಕು. ಮೊದಲನೆಯದು, ಮಗುವಿಗೆ ಕಾಯಿಲೆ ಬಂದಿತೆಂದು ಸೊಸೆಯನ್ನು ದೂಷಿಸುವುದು ಅನ್ಯಾಯ. ತನ್ನ ವಂಶವಾಹಿಯನ್ನು ಯಾವ ತಾಯಿಯೂ ಆರಿಸಿಕೊಂಡು ಬಂದಿಲ್ಲ. ಅಲ್ಲದೆ, ಸುಮಾರು ಮೂರರಲ್ಲಿ ಒಂದು ಪ್ರಕರಣದಲ್ಲಿ ಕುಟುಂಬದಲ್ಲಿ ಹಿಂದೆ ಯಾರಿಗೂ ಈ ಕಾಯಿಲೆ ಇದ್ದಿರುವುದಿಲ್ಲ.

ಎರಡನೆಯದು ಮುಂಜಿಯ ವಿಷಯ. ಶಾಫಿಈ ಮದ್‌ಹಬಿನಲ್ಲಿ ಅದು ವಾಜಿಬ್, ಹನಫಿ ಮದ್‌ಹಬಿನಲ್ಲಿ ಸುನ್ನತ್. ಆದರೆ ಮಗುವಿನ ಪ್ರಾಣಕ್ಕೆ ಅಪಾಯವಿದ್ದರೆ ಅವಸರ ಸಲ್ಲದು ಎಂಬುದನ್ನು ಎರಡೂ ಕಡೆಯ ವಿದ್ವಾಂಸರು ಒಪ್ಪುತ್ತಾರೆ. ಸಣ್ಣ ಪೆಟ್ಟಿಗೇ ಮಗುವಿನ ಮೈ ನೀಲಿಗಟ್ಟುತ್ತಿದ್ದರೆ, ಅಂಬೆಗಾಲಿಡುವಾಗ ಕೀಲು ಊದಿಕೊಂಡರೆ, ಸೋದರಮಾವನಿಗೋ ಚಿಕ್ಕಮ್ಮನ ಮಗನಿಗೋ ಇಂಥ ತೊಂದರೆ ಇದ್ದರೆ ಮೊದಲು ರಕ್ತ ಪರೀಕ್ಷೆ ಮಾಡಿಸಿ. ಕಾಯಿಲೆ ಇದೆಯೆಂದಾದರೂ ಎದೆಗುಂದಬೇಡಿ. ಕೊರತೆಯಿರುವ ಅಂಶವನ್ನು ಚುಚ್ಚುಮದ್ದಿನ ಮೂಲಕ ಕೊಟ್ಟು, ತಜ್ಞರ ನಿಗಾದಲ್ಲಿ ಆಸ್ಪತ್ರೆಯಲ್ಲೇ ಮುಂಜಿ ಮಾಡಿಸಲು ಸಾಧ್ಯವಿದೆ. ದಾವಣಗೆರೆಯಲ್ಲಿ ಇಂಥ ರೋಗಿಗಳಿಗಾಗಿಯೇ ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲೂ ಈ ಕಾಯಿಲೆ ಸೇರಿದೆ.

ತಿಳಿಯದ್ದನ್ನು ತಿಳಿಯದು ಎಂದು ಬರೆದಿಟ್ಟವರು ನಮ್ಮ ಹಿರಿಯರು. ಈಗ ತಿಳಿದಿದ್ದೂ ಕೇಳದೆ ಕುಳಿತರೆ ತಪ್ಪು ನಮ್ಮದೇ. ಅಲ್ಲಾಹನು ನಮ್ಮ ಮಕ್ಕಳನ್ನು ಕಾಪಾಡಲಿ, ರೋಗಿಗಳಿಗೆ ಶಿಫಾ ನೀಡಲಿ. ಆಮೀನ್.