ಮೊಬೈಲಿಗೆ ಹಾಕಿಕೊಂಡ ಮೇಲೆ ಸಿನಿಮಾ ಡಿವಿಡಿ ಮಾರಬಹುದೇ?

‘ಸಿನಿಮಾ ಕಾಪಿ ಮಾಡಿಕೊಂಡಾಯಿತಲ್ಲ, ಇನ್ನು ಡಿಸ್ಕ್ ಯಾಕೆ?’ ಎನ್ನುವವರಿದ್ದಾರೆ. ಅವಸರ ಬೇಡ ಎನ್ನುತ್ತೇವೆ ನಾವು.

ಫೋನ್ ಕೆಟ್ಟರೆ ಕಾಪಿಯೂ ಹೋಯಿತು. ಡಿಸ್ಕ್ ಇದ್ದರೆ ಮತ್ತೆ ಮಾಡಿಕೊಳ್ಳಬಹುದು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ (1934) ಪ್ರತಿಯಿಲ್ಲದೇ ಕಳೆದುಹೋಯಿತು.

ಅಂಗಡಿಯಲ್ಲಿ ಕೊಂಡ ಸಿನಿಮಾ ಡಿಸ್ಕ್‌ನಲ್ಲಿ ಮಾಹಿತಿ ಪ್ಲಾಸ್ಟಿಕ್‌ನಲ್ಲೇ ಅಚ್ಚಾಗಿರುತ್ತದೆ, ಹೆಚ್ಚು ಬಾಳುತ್ತದೆ. ಮದುವೆ ಡಿವಿಡಿಯಂಥ ಬರೆದ ಡಿಸ್ಕ್‌ನ ಬಣ್ಣದ ಪದರ ಶಾಖ, ಬಿಸಿಲಿಗೆ ಹಾಳಾಗುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ಕಮಲಾಪುರದಲ್ಲಿ ತಗಡಿನ ಸೂರಿನಡಿ ಇಡಬೇಡಿ. ಅಂಥದ್ದನ್ನು ಮೊದಲು ಕಾಪಿ ಮಾಡಿ.

ಸ್ವಂತ ಬಳಕೆಗೆ 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಂನಲ್ಲಿ ವಿನಾಯಿತಿ ಇದೆ. ಸಿನಿಮಾವನ್ನು ಗ್ರೂಪ್‌ಗೆ ಫಾರ್ವರ್ಡ್ ಮಾಡಲು ಇಲ್ಲ.

ಒಟ್ಟಿನಲ್ಲಿ: ಡಿಸ್ಕ್ ಇಟ್ಟುಕೊಳ್ಳಿ. ಮಾರಲೇಬೇಕಿದ್ದರೆ ಫೋನಿನ ಕಾಪಿಯನ್ನೂ ಅಳಿಸಿಬಿಡಿ.