ಗಂಗೊಳ್ಳಿಯ ಎತ್ತರ: ಹಾರಾಟದ ಅನುಕರಣ ಸಾಧನಕ್ಕೆ ಭೂರೂಪ ನಿರ್ಮಾಣ ಮತ್ತು ಆಕರ ವಿಮರ್ಶೆ

೧. ವಿಷಯ ಪ್ರವೇಶ

ಉಡುಪಿ ಜಿಲ್ಲೆಯ ಗಂಗೊಳ್ಳಿಯು ಪಂಚಗಂಗಾವಳಿಯ ಅಳಿವೆಯ ಬಡಗಣ ದಡದಲ್ಲಿರುವ ಮೀನುಗಾರಿಕೆಯ ಬಂದರು. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಕೇದಕ ಎಂಬ ಐದು ಹೊಳೆಗಳು ಇಲ್ಲಿ ಕೂಡಿ ಕಡಲಿಗೆ ಸೇರುತ್ತವೆಂದು ಎಣಿಸುವುದು ವಾಡಿಕೆ. ಊರಿನ ಪಡುವಣಕ್ಕೆ ಕಡಲು, ಮೂಡಣಕ್ಕೆ ಹೊಳೆ. ನಡುವಿನದು ತೆಂಗು ಬೆಳೆದ ಮರಳ ಪಟ್ಟಿ. ಇಲ್ಲಿಂದ ಈಶಾನ್ಯಕ್ಕೆ ಸುಮಾರು ೩೦ ಕಿಲೋಮೀಟರ್ ದೂರದಲ್ಲಿ ೧೩೪೩ ಮೀಟರ್ ಎತ್ತರದ ಕೊಡಚಾದ್ರಿಯಿದೆ. ಗಂಟೆಗೆ ೧೮೦ ಕಿಲೋಮೀಟರ್ ವೇಗದ ಸಣ್ಣ ವಿಮಾನವೊಂದು ಕಡಲ ಮಟ್ಟದಿಂದ ಘಟ್ಟದ ನೆತ್ತಿಗೆ ಹತ್ತು ನಿಮಿಷಗಳಲ್ಲಿ ತಲುಪಬಲ್ಲದು. ಇಷ್ಟು ಕಿರಿದಾದ ಅಂತರದಲ್ಲಿ ಇಷ್ಟೊಂದು ಏರಿಳಿತವಿರುವ ಈ ನೆಲವು, ಫ್ಲೈಟ್ ಸಿಮ್ಯುಲೇಟರ್ ಎಂದು ಕರೆಯುವ ಹಾರಾಟದ ಅನುಕರಣ ಸಾಧನಕ್ಕೆ ಭೂರೂಪವನ್ನು ಕಟ್ಟುವವರಿಗೆ ಉತ್ತಮವಾದ ಪರೀಕ್ಷಾಸ್ಥಾನವಾಗಿದೆ.

ಇಂತಹ ಯಾಂತ್ರಿಕ ವಿಷಯಕ್ಕೆ ಇತಿಹಾಸದ ವಾರ್ಷಿಕ ಪತ್ರಿಕೆಯಲ್ಲಿ ಎಡೆಯೇಕೆ ಎಂದು ವಾಚಕರು ಕೇಳಬಹುದು. ಗಣಕದ ತೆರೆಯ ಮೇಲೆ ಮೂಡುವ ಬೆಟ್ಟ ಹೊಳೆಗಳು ಚಿತ್ರಕಾರನ ಕಲ್ಪನೆಯಲ್ಲ. ಅವು ಎತ್ತರದ ಅಂಕಗಳಿಂದ ಕಟ್ಟಿದವು. ಆ ಅಂಕಗಳನ್ನು ಒಂದು ಕಾಲದಲ್ಲಿ, ಒಂದು ಉಪಕರಣದಿಂದ, ಒಂದು ಉದ್ದೇಶಕ್ಕಾಗಿ ಯಾರೋ ಅಳೆದಿದ್ದಾರೆ. ಆದುದರಿಂದ ಅವು ಶಾಸನ ಕಡತಗಳಂತೆಯೇ ಆಕರಗಳು. ಆಕರಗಳಿಗೆ ಸಲ್ಲಬೇಕಾದ ವಿಮರ್ಶೆ ಇವಕ್ಕೂ ಸಲ್ಲಬೇಕು ಎಂಬುದು ನಮ್ಮ ಪ್ರತಿಪಾದನೆ. ಈ ವಿಮರ್ಶೆಯು ಕೇವಲ ವಿನೋದಕ್ಕೆ ಸಂಬಂಧಿಸಿದುದಲ್ಲವೆಂಬುದನ್ನು ಮುಂದೆ ತೋರಿಸಲಾಗುವುದು.

೨. ಎತ್ತರದ ಅಂಕಗಳ ಪೂರ್ವೇತಿಹಾಸ

೧೭೯೯ರಲ್ಲಿ ಶ್ರೀರಂಗಪಟ್ಟಣದ ಪತನಾನಂತರ ಕೆನರಾ ಪ್ರಾಂತವು ಈಸ್ಟ್ ಇಂಡಿಯಾ ಕಂಪನಿಯ ವಶವಾಯಿತು. ೧೮೦೧ರಲ್ಲಿ ಫ್ರಾನ್ಸಿಸ್ ಬುಕಾನನ್ ಕುಂದಾಪುರದ ಹಾದಿಯಾಗಿ ಭಟ್ಕಳದ ಕಡೆಗೆ ಸಾಗಿದನು. ಬೆಳೆ, ತೆರಿಗೆ, ಜನಜೀವನಗಳನ್ನು ಕುರಿತು ಅವನು ಬರೆದುದು ಅಮೂಲ್ಯವಾದುದೇ ಸರಿ. ಆದರೆ ಅವನ ನೆಲವು ಮಾತುಗಳಲ್ಲಿ ವರ್ಣಿತವಾದ ನೆಲ. ಅದನ್ನು ಅಂಕಗಳಿಗೆ ಇಳಿಸುವ ಕಾರ್ಯವು ವಿಲಿಯಂ ಲ್ಯಾಂಬ್ಟನ್ನನ ತ್ರಿಕೋನಮಿತಿ ಮೋಜಣಿಯಿಂದ ಆಯಿತು. ೧೮೦೦ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆಯನ್ನು ಅಳೆದ ಅವನು, ೧೮೦೨ರ ಏಪ್ರಿಲ್ ೧೦ರಂದು ಮದರಾಸಿನ ಸೇಂಟ್ ಥಾಮಸ್ ಬೆಟ್ಟದ ಬಳಿ ಮತ್ತೊಂದು ಆಧಾರರೇಖೆಯ ಅಳತೆಯನ್ನು ಆರಂಭಿಸಿ, ಅಲ್ಲಿಂದ ಪರ್ಯಾಯದ್ವೀಪವನ್ನು ಅಡ್ಡಹಾಯುವ ತ್ರಿಕೋನಗಳ ಮಾಲೆಯನ್ನು ಮಂಗಳೂರಿನವರೆಗೆ ತಂದನು. ಹಿಂದಿನ ನಕ್ಷೆಗಳಲ್ಲಿ ಸುಮಾರು ೪೦೦ ಮೈಲಿಯೆಂದು ಕಾಣಿಸಿದ್ದ ಅಗಲವು ೩೬೦ ಮೈಲಿಯಷ್ಟೇ ಎಂದು ಇದರಿಂದ ಸಿದ್ಧವಾಯಿತು. ಈ ಕಾರ್ಯದ ವಿವರಣೆಯನ್ನು ಲ್ಯಾಂಬ್ಟನ್ 'ಏಷಿಯಾಟಿಕ್ ರಿಸರ್ಚಸ್' ಸಂಪುಟಗಳಲ್ಲಿ ಪ್ರಕಟಿಸಿದನು.

ಎತ್ತರವೆಂದರೆ ಯಾವುದರಿಂದ ಎತ್ತರ ಎಂಬ ಪ್ರಶ್ನೆಯು ಅನಂತರ ಎದುರಾಯಿತು. ೧೮೫೮ರಿಂದ ೧೯೦೯ರವರೆಗೆ ನಡೆದ ಮಟ್ಟದ ಮೋಜಣಿಯಲ್ಲಿ ಒಂಬತ್ತು ಬಂದರುಗಳ ಉಬ್ಬರವಿಳಿತಗಳ ಸರಾಸರಿಯನ್ನು ಆಧಾರವಾಗಿ ಹಿಡಿಯಲಾಯಿತು. ಅವುಗಳಲ್ಲಿ ನಮ್ಮ ಕಾರವಾರವೂ ಒಂದು. ಭಾರತದ ಸರ್ವೇಕ್ಷಣಾ ನಕ್ಷೆಗಳಲ್ಲಿ ಸಮುದ್ರಮಟ್ಟವೆಂದು ನಮೂದಾದುದು ಈ ಕಲ್ಪಿತ ಮಟ್ಟವೇ ಹೊರತು ಗಂಗೊಳ್ಳಿಯ ದಡಕ್ಕೆ ಬಂದು ಬಡಿಯುವ ನೀರಿನ ಮಟ್ಟವಲ್ಲ.

ಸ್ವಾತಂತ್ರ್ಯಾನಂತರ ರಕ್ಷಣೆಯ ಕಾರಣದಿಂದ ಕರಾವಳಿಯ ದೊಡ್ಡ ಪ್ರಮಾಣದ ನಕ್ಷೆಗಳು ನಿರ್ಬಂಧಕ್ಕೊಳಗಾದವು. ೨೦೦೫ರ ರಾಷ್ಟ್ರೀಯ ನಕ್ಷೆ ನೀತಿಯು ಸಾರ್ವಜನಿಕರಿಗೂ ರಕ್ಷಣಾ ಇಲಾಖೆಗೂ ಬೇರೆ ಬೇರೆ ನಕ್ಷಾಮಾಲೆಗಳನ್ನು ಗೊತ್ತುಪಡಿಸಿತು; ೨೦೨೧ರ ಫೆಬ್ರವರಿ ೧೫ರ ಮಾರ್ಗಸೂಚಿಗಳಿಂದ ನಿರ್ಬಂಧಗಳು ಬಹುಮಟ್ಟಿಗೆ ಸಡಿಲಿದವು. ಹೀಗಾಗಿ, ತನ್ನ ಊರಿನ ಎತ್ತರಗಳನ್ನು ಒಟ್ಟಾಗಿ ನೋಡಬಯಸಿದ ಕರಾವಳಿಯ ಸಾಮಾನ್ಯ ವಿದ್ಯಾರ್ಥಿಗೆ ಅವು ಮೊದಲು ಲಭಿಸಿದುದು ತನ್ನ ತಾಲ್ಲೂಕು ಕಛೇರಿಯಿಂದಲ್ಲ, ಆಕಾಶದಿಂದ.

೩. ಆಕಾಶದಿಂದ ಅಳೆದ ನೆಲ

೨೦೦೦ದ ಫೆಬ್ರವರಿ ೧೧ರಿಂದ ೨೨ರವರೆಗೆ ಅಮೆರಿಕದ 'ಎಂಡೆವರ್' ಎಂಬ ಆಕಾಶನೌಕೆಯು ೬೦ ಮೀಟರ್ ಉದ್ದದ ಕಂಬವೊಂದನ್ನು ಹೊರಚಾಚಿ, ಅದರ ತುದಿಯಲ್ಲೊಂದು, ನೌಕೆಯಲ್ಲೊಂದು ರೇಡಾರ್ ಗ್ರಾಹಕವನ್ನಿರಿಸಿ, ಭೂಮಿಯ ನೆಲಭಾಗದ ಸುಮಾರು ಶೇಕಡಾ ೮೦ರಷ್ಟನ್ನು ಅಳೆಯಿತು. ಷಟಲ್ ರೇಡಾರ್ ಟೊಪೊಗ್ರಫಿ ಮಿಷನ್ ಎಂಬ ಈ ಕಾರ್ಯದ ಅಂಕಗಳು ಮೊದಲು ೯೦ ಮೀಟರಿಗೊಂದರಂತೆಯೂ, ೨೦೧೪ರಿಂದ ಹಂತಹಂತವಾಗಿ ೩೦ ಮೀಟರಿಗೊಂದರಂತೆಯೂ ಮುಕ್ತವಾಗಿ ದೊರೆತವು. ಭಾರತವೂ ೨೦೦೫ರ ಮೇ ೫ರಂದು ಕಾರ್ಟೊಸ್ಯಾಟ್-೧ ಉಪಗ್ರಹವನ್ನು ಉಡಾಯಿಸಿತು. ಅದರ ಜೋಡಿಚಿತ್ರಗಳಿಂದ ಸಿದ್ಧಪಡಿಸಿದ ಕಾರ್ಟೊಡೆಮ್ ಎಂಬ ಎತ್ತರದ ದತ್ತಾಂಶವು 'ಭುವನ್' ತಾಣದಲ್ಲಿ ಲಭ್ಯವಾಯಿತು.

ಈ ದತ್ತಾಂಶವನ್ನು ಒಂದೊಂದು ಡಿಗ್ರಿಯ ಚೌಕಗಳಾಗಿ ವಿಂಗಡಿಸಿದ್ದಾರೆ. ಗಂಗೊಳ್ಳಿ, ಕುಂದಾಪುರ, ಮರವಂತೆ, ಕೊಲ್ಲೂರು, ಕೊಡಚಾದ್ರಿಗಳೆಲ್ಲವೂ ಉತ್ತರ ಅಕ್ಷಾಂಶ ೧೩, ಪೂರ್ವ ರೇಖಾಂಶ ೭೪ರಿಂದ ಮೊದಲಾಗುವ ಒಂದೇ ಚೌಕದಲ್ಲಿವೆ. ಇದರಲ್ಲಿ ೩೬೦೧ ಸಾಲು, ಸಾಲಿಗೆ ೩೬೦೧ ಅಂಕಗಳಂತೆ ಒಟ್ಟು ೧,೨೯,೬೭,೨೦೧ ಅಂಕಗಳು. ಚೌಕದ ಅರ್ಧಕ್ಕಿಂತ ಹೆಚ್ಚು ಭಾಗ ಕಡಲೇ ಆಗಿರುವುದರಿಂದ ಬಹುಪಾಲು ಅಂಕಗಳು ಸೊನ್ನೆ.

೪. ನಿರ್ಮಾಣದ ಕ್ರಮ

ಅಮೆರಿಕದ ಎಡ್ವಿನ್ ಲಿಂಕ್ ೧೯೨೯ರಲ್ಲಿ ರಚಿಸಿದ ಶಿಕ್ಷಣಯಂತ್ರದಲ್ಲಿ ಹೊರಗಿನ ನೆಲವೇ ಇರಲಿಲ್ಲ. ಕಲಿಯುವವನು ಮುಚ್ಚಿದ ಪೆಟ್ಟಿಗೆಯೊಳಗೆ ಕುಳಿತು ಉಪಕರಣಗಳನ್ನಷ್ಟೇ ನೋಡುತ್ತಿದ್ದನು. ೧೯೮೨ರಲ್ಲಿ ಬ್ರೂಸ್ ಆರ್ಟ್ವಿಕ್ ರೂಪಿಸಿದ ಕಾರ್ಯಕ್ರಮವನ್ನು ಮೈಕ್ರೋಸಾಫ್ಟ್ ಸಂಸ್ಥೆ ಪ್ರಕಟಿಸಿದಾಗ ನೆಲವು ಕೆಲವು ಗೆರೆಗಳಾಗಿ ತೋರಿತು. ೧೯೯೭ರಿಂದ ಬೆಳೆದುಬಂದ ಫ್ಲೈಟ್‌ಗಿಯರ್ ಎಂಬ ಮುಕ್ತ ಕಾರ್ಯಕ್ರಮದಲ್ಲಿ ಯಾರು ಬೇಕಾದರೂ ತಮ್ಮ ಊರಿನ ನೆಲವನ್ನು ತಾವೇ ಕಟ್ಟಿಕೊಳ್ಳಲು ಅವಕಾಶವಾಯಿತು. ಅದಕ್ಕಾಗಿ ಟೆರಾಗಿಯರ್ ಎಂಬ ಸಾಧನಸಮೂಹವಿದೆ.

ಕಾರ್ಯಕ್ರಮವು ಯಾವುದೇ ಇರಲಿ, ನಿರ್ಮಾಣದ ಹಂತಗಳು ಸ್ಥೂಲವಾಗಿ ಇವು. ಮೊದಲನೆಯದಾಗಿ, ಚೌಕವನ್ನು ಪಡೆದು ಅಂಕವಿಲ್ಲದ ತೆರಪುಗಳನ್ನು ಗುರುತಿಸುವುದು. ರೇಡಾರ್ ಕಿರಣವು ತಲುಪದ ಕಡಿದಾದ ಕಣಿವೆಗಳಲ್ಲಿಯೂ ನಿಶ್ಚಲವಾದ ನೀರಿನ ಮೇಲೂ ಇಂತಹ ತೆರಪುಗಳು ಉಂಟಾಗುತ್ತವೆ. ಮೂಲ ಕಡತದಲ್ಲಿ ಅವಕ್ಕೆ ಋಣ ೩೨,೭೬೮ ಎಂಬ ಗುರುತುಂಟು. ಅದನ್ನು ಎತ್ತರವೆಂದೇ ಓದಿದರೆ ಘಟ್ಟದಲ್ಲಿ ಪಾತಾಳದಂತಹ ಕುಳಿಗಳು ತೋರುವುವು. ಎರಡನೆಯದಾಗಿ, ಎತ್ತರದ ಆಧಾರವನ್ನು ನಿಶ್ಚಯಿಸುವುದು. ಜಿ.ಪಿ.ಎಸ್. ಉಪಕರಣವು ಮೂಲತಃ ಲೆಕ್ಕ ಹಾಕುವುದು ಗಣಿತದ ದೀರ್ಘವೃತ್ತಗೋಳದಿಂದ ಎತ್ತರವನ್ನು. ದಕ್ಷಿಣ ಭಾರತದ ಈ ಭಾಗದಲ್ಲಿ ನಿಜವಾದ ಸಮುದ್ರಮಟ್ಟವು ಆ ಗೋಳಕ್ಕಿಂತ ೮೦ ಮೀಟರಿಗೂ ಮಿಕ್ಕಿ ಕೆಳಗಿದೆ. ಈ ಭೇದವನ್ನು ಮರೆತರೆ ಗಂಗೊಳ್ಳಿಯ ಬಂದರು ಕಡಲ ತಳಕ್ಕಿಳಿಯುವುದು.

ಮೂರನೆಯದಾಗಿ, ಅಂಕಗಳನ್ನು ತ್ರಿಕೋನಗಳ ಜಾಲವಾಗಿ ಪರಿವರ್ತಿಸುವುದು. ಒಂದು ಕೋಟಿಗೂ ಮಿಕ್ಕ ಬಿಂದುಗಳನ್ನು ಗಣಕವು ಕ್ಷಣಕ್ಷಣಕ್ಕೂ ಚಿತ್ರಿಸಲಾರದಾದ್ದರಿಂದ, ಇಷ್ಟು ಮೀಟರ್‌ವರೆಗಿನ ವ್ಯತ್ಯಾಸವನ್ನು ಸಹಿಸಬಹುದೆಂದು ಮಿತಿಯೊಂದನ್ನು ಕೊಡುತ್ತಾರೆ. ಸಾಧನವು ಆ ಮಿತಿಯೊಳಗೆ ಎಷ್ಟು ಕಡಮೆ ತ್ರಿಕೋನಗಳು ಸಾಕೋ ಅಷ್ಟನ್ನೇ ಇಡುತ್ತದೆ. ಘಟ್ಟದ ಇಳಿಜಾರಿನಲ್ಲಿ ತ್ರಿಕೋನಗಳು ದಟ್ಟವಾಗುತ್ತವೆ, ಕರಾವಳಿಯಲ್ಲಿ ವಿರಳವಾಗುತ್ತವೆ. ನಾಲ್ಕನೆಯದಾಗಿ, ಕರೆಯ ರೇಖೆ, ಹೊಳೆ, ರಸ್ತೆ, ರೈಲುಮಾರ್ಗಗಳನ್ನು ಓಪನ್‌ಸ್ಟ್ರೀಟ್‌ಮ್ಯಾಪ್‌ನಂತಹ ಮುಕ್ತ ನಕ್ಷೆಗಳಿಂದ ತಂದು ಜಾಲದ ಮೇಲೆ ಕೂಡಿಸುವುದು.

ಇವುಗಳಲ್ಲಿ ಮೂರನೆಯ ಹಂತವು ವಿಶೇಷವಾಗಿ ಗಮನಾರ್ಹ. ಸಹಿಸಬಹುದಾದ ದೋಷವು ಹತ್ತು ಮೀಟರ್ ಎಂದು ನಾವು ಬರೆದೆವೆನ್ನೋಣ. ಕೊಡಚಾದ್ರಿಗೆ ಅದರಿಂದ ಯಾವ ಬಾಧೆಯೂ ಇಲ್ಲ. ಆದರೆ ಗಂಗೊಳ್ಳಿಯ ಮರಳ ಪಟ್ಟಿ, ಹೊಳೆಯ ನಡುವಣ ಕುದ್ರುಗಳು, ಗದ್ದೆಯ ಬೈಲುಗಳು ಇವೆಲ್ಲವೂ ಆ ಹತ್ತು ಮೀಟರಿನೊಳಗೆ ಅಡಗಿಹೋಗಬಲ್ಲವು. ಜನವಿರಳವಾದ ಶಿಖರವು ಸೂಕ್ಷ್ಮವಾಗಿ ಉಳಿದು, ಜನ ನೆಲಸಿದ ನೆಲವು ಒಂದು ಚಪ್ಪಟೆಯ ಹಲಗೆಯಾಗುತ್ತದೆ.

೫. ಆಕರದ ದೋಷಗಳು: ನಾಲ್ಕು ಉದಾಹರಣೆಗಳು

(ಅ) ಮರವಂತೆ. ಇಲ್ಲಿ ಹೆದ್ದಾರಿಯು ಒಂದೆಡೆ ಕಡಲು, ಇನ್ನೊಂದೆಡೆ ಸೌಪರ್ಣಿಕೆ, ಇವುಗಳ ನಡುವೆ ಸಾಗುತ್ತದೆ. ೯೦ ಮೀಟರಿನ ದತ್ತಾಂಶದಲ್ಲಿ ಈ ನೆಲದ ಅಗಲಕ್ಕೆ ದೊರೆಯುವುದು ಒಂದೆರಡು ಅಂಕಗಳಷ್ಟೇ. ಅದರ ಮೇಲೆ ಹಳೆಯ ಸರ್ವೇಕ್ಷಣಾ ನಕ್ಷೆಯನ್ನು ಹೊಂದಿಸಹೊರಟರೆ ಇನ್ನೊಂದು ತೊಡಕು. ಆ ನಕ್ಷೆಗಳ ಆಧಾರ ಜಾರ್ಜ್ ಎವರೆಸ್ಟನ ಭೂಗೋಳಮಾನ. ಉಪಗ್ರಹದ ಅಂಕಗಳ ಆಧಾರ ೧೯೮೪ರ ಜಾಗತಿಕ ಮಾನ. ಎರಡರ ನಡುವೆ ಈ ಭಾಗದಲ್ಲಿ ನೂರು ಮೀಟರಿನ ಆಸುಪಾಸಿನ ಸರಿದಾಟವುಂಟು. ಅಷ್ಟನ್ನು ತಿದ್ದದೆ ಇಟ್ಟರೆ ಮರವಂತೆಯ ರಸ್ತೆಯು ನೀರಿನ ಮೇಲೆ ಬೀಳುವುದು. ನಮ್ಮ ಮೊದಲ ಪ್ರಯತ್ನದಲ್ಲಿ ಆದುದೂ ಇದೇ.

(ಆ) ಲಿಂಗನಮಕ್ಕಿ. ಕೊಡಚಾದ್ರಿಯ ಮೇಲೆ ನಿಂತರೆ ಶರಾವತಿಯ ಹಿನ್ನೀರು ಕಾಣುತ್ತದೆ. ರೇಡಾರ್ ಅಳೆದುದು ೨೦೦೦ದ ನೀರಿನ ಮೇಲ್ಮೈಯನ್ನು. ೧೯೬೪ರ ಅಣೆಕಟ್ಟಿನಿಂದ ಮುಳುಗಿದ ಕಣಿವೆಯಾಗಲಿ, ೧೯೪೮ರಲ್ಲಿ ಮುಗಿದು ಅನಂತರ ಅದೇ ನೀರಿನಡಿ ಸೇರಿದ ಹಿರೇಭಾಸ್ಕರ ಅಣೆಕಟ್ಟಾಗಲಿ ಆ ಅಂಕಗಳಲ್ಲಿಲ್ಲ. ಹಿಂದಿನ ಮಲೆನಾಡನ್ನು ಕಟ್ಟಬಯಸುವವರು ಹಳೆಯ ನಕ್ಷೆಗಳ ಸಮೋನ್ನತ ರೇಖೆಗಳನ್ನೇ ಆಶ್ರಯಿಸಬೇಕು.

(ಇ) ಬಜ್ಪೆ. ತೆಂಕಣ ಚೌಕದಲ್ಲಿರುವ ಮಂಗಳೂರಿನ ವಿಮಾನನಿಲ್ದಾಣವು ಪದವಿನ ನೆತ್ತಿಯ ಮೇಲಿದೆ. ೧೯೫೧ರ ಡಿಸೆಂಬರ್ ೨೫ರಂದು ಜವಾಹರಲಾಲ್ ನೆಹರೂ ಅವರ ಆಗಮನದೊಂದಿಗೆ ಇದು ಆರಂಭವಾಯಿತು. ಮೊದಲ ಓಡುದಾರಿಯ ಉದ್ದ ೧೬೧೫ ಮೀಟರ್. ೨೪೫೦ ಮೀಟರಿನ ಎರಡನೆಯದು ೨೦೦೬ರಲ್ಲಿ ಬಳಕೆಗೆ ಬಂದಿತು. ಎಂದಮೇಲೆ ೨೦೦೦ದ ಅಂಕಗಳಲ್ಲಿ ಇರುವುದು ಎರಡನೆಯ ಓಡುದಾರಿಗಾಗಿ ನೆಲವನ್ನು ಸಮಮಾಡುವುದಕ್ಕೆ ಮೊದಲಿನ ಗುಡ್ಡ. ನಿರ್ಮಾಪಕರು ಅದನ್ನು ಕೃತಕವಾಗಿ ಸಮಮಾಡಿ ಅಂಚನ್ನು ನಯವಾಗಿ ಇಳಿಸುವುದುಂಟು. ಆದರೆ ಅಲ್ಲಿಯ ಅಂಚು ನಯವಾದುದಲ್ಲ. ೨೦೧೦ರ ಮೇ ೨೨ರಂದು ದುಬೈಯಿಂದ ಬಂದ ವಿಮಾನವು ಓಡುದಾರಿಯನ್ನು ಮೀರಿ ಕಮರಿಗೆ ಬಿದ್ದು ೧೫೮ ಮಂದಿ ಮಡಿದರು. ಬದುಕಿದವರು ಎಂಟು ಮಂದಿ. ಆ ಕಮರಿಯನ್ನು ಸುಗಮವಾದ ಇಳಿಜಾರಾಗಿ ತೋರಿಸುವ ಭೂರೂಪವು ಎಷ್ಟೇ ಅಂದವಾಗಿದ್ದರೂ ಸುಳ್ಳುಸಾಕ್ಷಿಯೇ.

(ಈ) ಗಂಗೊಳ್ಳಿಯ ತೆಂಗಿನ ತೋಪು. ಇದು ಎಲ್ಲಕ್ಕಿಂತ ಮುಖ್ಯವಾದುದು. ಆಕಾಶನೌಕೆಯ ರೇಡಾರಿನ ಅಲೆಯುದ್ದವು ಆರು ಸೆಂಟಿಮೀಟರಿಗಿಂತ ಕಡಮೆ. ಅದು ಮರದ ತಲೆಯನ್ನು ಭೇದಿಸಿ ನೆಲವನ್ನು ಪೂರ್ಣವಾಗಿ ಮುಟ್ಟಲಾರದು. ನೆಲಕ್ಕೂ ಗರಿಗಳಿಗೂ ನಡುವಿನ ಯಾವುದೋ ಎತ್ತರವನ್ನು ನೆಲವೆಂದು ಬರೆದುಕೊಳ್ಳುತ್ತದೆ. ಮನೆಗಳ ಮಾಡುಗಳ ವಿಷಯದಲ್ಲೂ ಹೀಗೆಯೇ. ಪರಿಣಾಮವಾಗಿ, ಉಬ್ಬರದ ನೀರಿಗಿಂತ ಒಂದೆರಡು ಮೀಟರ್ ಮೇಲಿರುವ ತೋಪಿನ ನೆಲವು ದತ್ತಾಂಶದಲ್ಲಿ ಹಲವು ಮೀಟರಿನ ದಿಬ್ಬವಾಗಿ ಕಾಣುತ್ತದೆ. ಈ ಮೋಜಣಿಯು ತನಗೆ ತಾನೇ ವಿಧಿಸಿಕೊಂಡಿದ್ದ ನಿಖರತೆಯ ಮಿತಿ ೧೬ ಮೀಟರ್ ಎಂಬುದನ್ನೂ ಇಲ್ಲಿ ನೆನೆಯಬೇಕು. ಬಹುಕಡೆ ಫಲಿತಾಂಶವು ಇದಕ್ಕಿಂತ ಉತ್ತಮವಾಗಿದ್ದುದು ನಿಜ. ಆದರೂ ಬೆಟ್ಟವನ್ನು ಅಳೆಯಲು ಸಾಕಾದ ಕೋಲಿನಿಂದ ಮನೆಯ ಹೊಸ್ತಿಲನ್ನು ಅಳೆಯಲಾಗದು.

ತೆರೆಯ ಮೇಲಿನ ವಿಮಾನಕ್ಕೆ ಈ ದೋಷದಿಂದ ಹಾನಿಯಿಲ್ಲ. ಆದರೆ ಇವೇ ಅಂಕಗಳಿಂದ ಸಮುದ್ರಮಟ್ಟದ ಏರಿಕೆಯ ಲೆಕ್ಕವನ್ನೂ ಹಾಕಲಾಗಿತ್ತು. ೨೦೧೯ರಲ್ಲಿ ಸ್ಕಾಟ್ ಕುಲ್ಪ್ ಮತ್ತು ಬೆಂಜಮಿನ್ ಸ್ಟ್ರಾಸ್ ಎಂಬ ವಿದ್ವಾಂಸರು 'ನೇಚರ್ ಕಮ್ಯುನಿಕೇಷನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಈ ದೋಷವನ್ನು ತಿದ್ದಿ ಎಣಿಸಿದರೆ ಜಗತ್ತಿನಲ್ಲಿ ಅಪಾಯಕ್ಕೊಳಗಾಗುವ ಕರಾವಳಿಯ ಜನಸಂಖ್ಯೆಯು ಹಿಂದಿನ ಅಂದಾಜಿನ ಮೂರು ಪಟ್ಟಾಗುವುದೆಂದು ತೋರಿಸಿದರು. ಮರಗಳ ಎತ್ತರವನ್ನು ನೆಲದ ಎತ್ತರವೆಂದು ಓದಿದುದರಿಂದ ಕೋಟ್ಯಂತರ ಜನರು ಕಾಗದದ ಮೇಲೆ ಸುರಕ್ಷಿತರಾಗಿದ್ದರು. ಗಂಗೊಳ್ಳಿಯಂತಹ ಊರು ಆ ಪ್ರಮಾದಕ್ಕೆ ತಕ್ಕ ನಿದರ್ಶನ.

೬. ಉಪಸಂಹಾರ

ಬಾರಕೂರಿನ ಶಾಸನವೊಂದನ್ನು ಓದುವಾಗ ನಾವು ಕಾಲ ಯಾವುದು, ಬರೆಸಿದವರು ಯಾರು, ಅಕ್ಷರ ಎಲ್ಲಿ ಸವೆದಿದೆ, ಸವೆದೆಡೆಯಲ್ಲಿ ಸಂಪಾದಕರು ಊಹೆಯಿಂದ ಏನು ತುಂಬಿದ್ದಾರೆ ಎಂದು ಕೇಳುತ್ತೇವೆ. ಎತ್ತರದ ಅಂಕಗಳನ್ನೂ ಹಾಗೆಯೇ ಕೇಳಬೇಕು. ಇವು ೨೦೦೦ದ ಫೆಬ್ರವರಿಯ ಹನ್ನೊಂದು ದಿನಗಳ ದಾಖಲೆ. ಅಳಿವೆಯ ಬಾಯಲ್ಲಿ ಅನಂತರ ಕಟ್ಟಿದ ತಡೆಗೋಡೆಗಳು, ಅಗಲಗೊಂಡ ಹೆದ್ದಾರಿ ಇವು ಇದರಲ್ಲಿಲ್ಲ. ೧೬೬೫ರಲ್ಲಿ ಶಿವಾಜಿಯು ಹಡಗುಗಳೊಡನೆ ಬಂದೆರಗಿದ ಬಸರೂರಿನ ಹೊಳೆಯೂ ಇಂದಿನ ಹೊಳೆಯೇ ಎಂದು ಇದನ್ನು ನೋಡಿ ಹೇಳುವಂತಿಲ್ಲ. ಭೂರೂಪವನ್ನು ಕಟ್ಟುವವರು ಪ್ರತಿಯೊಂದು ಪದರದ ಕಾಲವನ್ನೂ ಮೂಲವನ್ನೂ ತಿದ್ದುಪಡಿಯನ್ನೂ ಬರೆದಿಡತಕ್ಕದ್ದು.

ಕಾಲೇಜು ವಿದ್ಯಾರ್ಥಿಗಳಿಗೆ ಇದರಲ್ಲಿ ಕೈಗೆಟಕುವ ಕೆಲಸವಿದೆ. ಚೌಕವನ್ನು ಪಡೆದು ತಮ್ಮ ಊರಿನ ನೆಲವನ್ನು ಕಟ್ಟಿನೋಡಲಿ; ಬಳಿಕ ಅದೇ ಚಿತ್ರವನ್ನು ಹಿಡಿದು ಊರೊಳಗೆ ನಡೆಯಲಿ. ಮಳೆಗಾಲದ ಹುಣ್ಣಿಮೆ ಅಮಾವಾಸ್ಯೆಗಳ ಉಬ್ಬರದಲ್ಲಿ ನೀರು ಎಲ್ಲಿಯವರೆಗೆ ಬರುತ್ತದೆ, ಯಾವ ಬಾವಿಗೆ ಉಪ್ಪು ನುಗ್ಗುತ್ತದೆ, ಯಾವ ನೆರೆಯಲ್ಲಿ ಯಾರ ಜಗಲಿ ಮುಳುಗಿತ್ತು ಎಂಬುದನ್ನು ಹಿರಿಯರಿಂದ ಕೇಳಿ ಸ್ಥಳ, ಕಾಲ ಸಹಿತ ಗುರುತಿಸಲಿ. ದೋಣಿಯನ್ನು ಮೇಲೆಳೆದು ಕಟ್ಟುವವರಿಗೆ ಆ ಮಟ್ಟವು ಅಂಗುಲದ ಲೆಕ್ಕದಲ್ಲಿ ಗೊತ್ತಿರುತ್ತದೆ. ಅಂತಹ ಐವತ್ತು ಗುರುತುಗಳನ್ನು ಮಟ್ಟದ ಉಪಕರಣದಿಂದ ಅಳೆದು, ಸರ್ವೇಕ್ಷಣೆಯ ಮಟ್ಟಕಲ್ಲಿಗೆ ಸೇರಿಸಿದರೆ, ಒಂದು ಕೋಟಿ ಇಪ್ಪತ್ತೊಂಬತ್ತು ಲಕ್ಷ ಅಂಕಗಳು ಹೇಳಲಾರದುದನ್ನು ಅವು ಹೇಳಬಲ್ಲವು. ಮುಂದಿನ ವರ್ಷದ ಸಂಶೋಧನ ಕಾರ್ಯವಾಗಿ ಇದನ್ನು ಗಂಗೊಳ್ಳಿಯಿಂದಲೇ ಆರಂಭಿಸಬಹುದೆಂದು ನಾವು ಸೂಚಿಸುತ್ತೇವೆ.