ನೋಂದಣಿಯ ಮೌನವೂ ನವಣೆಯ ಮಹಿಮೆಯೂ

ನವಣೆ, ಸಜ್ಜೆ, ಸಾಮೆಗಳನ್ನುಂಡು ಬರಡುನೆಲದಲ್ಲಿ ದುಡಿದು ಬಾಳಿದ ಚಳ್ಳಕೆರೆ–ಮೊಳಕಾಲ್ಮೂರು ಸೀಮೆಯ ಪೂರ್ವಿಕರು ಅರ್ಬುದರೋಗವನ್ನೇ ಅರಿಯರೆಂಬ ಮಾತು ಸಿರಿಧಾನ್ಯ ಪ್ರಶಂಸಕರ ಭಾಷಣಗಳಲ್ಲಿ ಇಂದು ಸಿದ್ಧಾಂತದ ಪದವಿಗೇರಿದೆ. ಅಷ್ಟಕ್ಕೆ ನಿಲ್ಲದೆ, ಆ ಆಹಾರಕ್ಕೂ ಆ ದುಡಿಮೆಗೂ ಮರಳಿದರೆ ಬಂದ ರೋಗವೂ ಹಿಮ್ಮೆಟ್ಟುವುದೆಂಬ ನಿಗಮನವನ್ನೂ ಅದರಿಂದ ತೆಗೆಯಲಾಗುತ್ತಿದೆ. ಈ ಪೂರ್ವಪಕ್ಷಕ್ಕಿರುವ ಆಧಾರ ಒಂದೇ: ಹಳೆಯ ದಾಖಲೆಗಳು ಈ ರೋಗವನ್ನು ಹೆಸರಿಸುವುದಿಲ್ಲವೆಂಬುದು.

ಈ ತರ್ಕಕ್ಕೆ ಮೇಲ್ಪಂಕ್ತಿ ಹಾಕಿದವರು ರಾಬರ್ಟ್ ಮೆಕ್‌ಕ್ಯಾರಿಸನ್. ಗಿಲ್ಗಿಟ್ ಪ್ರಾಂತದಲ್ಲಿ ವೈದ್ಯಾಧಿಕಾರಿಯಾಗಿದ್ದಾಗ ಅಲ್ಲಿಯ ಜನರಲ್ಲಿ ಅರ್ಬುದವನ್ನು ತಾವು ಕಾಣಲಿಲ್ಲವೆಂದು ಅವರು 1921ರ ಪಿಟ್ಸ್‌ಬರ್ಗ್ ಉಪನ್ಯಾಸದಲ್ಲಿ ಹೇಳಿದರು. (ಕೂನೂರಿನಲ್ಲಿ ಅವರು ನಡೆಸಿದ ಆಹಾರಸಂಶೋಧನೆಯ ವಿಷಯದಲ್ಲಿ ನನಗಿರುವ ಗೌರವಕ್ಕೆ ಇದರಿಂದ ಕುಂದಿಲ್ಲ, ನನ್ನ ವಾದವಿರುವುದು ಅವರ ಅನುಯಾಯಿಗಳೊಡನೆ.) ಒಬ್ಬ ವೈದ್ಯನ ಕಣ್ಣಿಗೆ ಬೀಳದೆ ಹೋದದ್ದು, 1938ರಲ್ಲಿ ಅದೇ ಜನರನ್ನು ಕುರಿತು ರೆಂಚ್ ಎಂಬ ಲೇಖಕರ ಗ್ರಂಥ ಹೊರಬೀಳುವ ವೇಳೆಗೆ, ಒಂದು ಜನಾಂಗದ ಆರೋಗ್ಯರಹಸ್ಯವಾಗಿ ಬೆಳೆದಿತ್ತು.

ಇನ್ನು ದಾಖಲೆಗಳ ವಿಚಾರ. ಆ ಕಾಲದ ಮರಣ ನೋಂದಣಿಯಲ್ಲಿದ್ದ ಶೀರ್ಷಿಕೆಗಳು ಬೆರಳೆಣಿಕೆಯವು: ಕಾಲರಾ, ಸಿಡುಬು, ಜ್ವರ, ಅತಿಸಾರ, ಅಪಘಾತ, ತರುವಾಯ ಪ್ಲೇಗು; ಮಿಕ್ಕ ಸಾವುಗಳೆಲ್ಲ ‘ಇತರ ಕಾರಣ’ಗಳೆಂಬ ಒಂದೇ ಅಂಕಣಕ್ಕೆ ಸಲ್ಲುತ್ತಿದ್ದವು. ಗರ್ಭಕೋಶದ ಅರ್ಬುದದಿಂದ ತಿಂಗಳುಗಟ್ಟಲೆ ರಕ್ತಸ್ರಾವವಾಗಿ, ಕೃಶಳಾಗಿ, ಕಡೆಗೆ ಮೈ ಕಾದು ತೀರಿಕೊಂಡ ಹೆಂಗಸಿನ ಸಾವನ್ನು ವೈದ್ಯವಿದ್ಯೆಯ ಗಂಧವಿಲ್ಲದ ಗ್ರಾಮಾಧಿಕಾರಿ ಜ್ವರವೆಂದಲ್ಲದೆ ಮತ್ತೇನೆಂದು ಬರೆದಾನು? ಅಂಕಣವೇ ಇಲ್ಲದ ರೋಗ ಲೆಕ್ಕಕ್ಕೆ ಸಿಕ್ಕಲಿಲ್ಲವೆಂದು ಹಿಗ್ಗುವುದು ಸಂಶೋಧಕನಿಗೆ ತಕ್ಕುದಲ್ಲ. ಇದರ ಮೇಲೆ ಆಯುಸ್ಸಿನ ಪ್ರಶ್ನೆಯೊಂದುಂಟು. 1911–21ರ ದಶಕದಲ್ಲಿ ಭಾರತೀಯರ ಸರಾಸರಿ ಆಯುರ್ಮಾನ ಸುಮಾರು 20 ವರ್ಷ. 1941–51ರಲ್ಲಿಯೂ ಅದು 32ನ್ನು ಮೀರಿ ಹೆಚ್ಚೇನೂ ಏರಲಿಲ್ಲ. ಬಹುಮಟ್ಟಿಗೆ ನಡುವಯಸ್ಸು ಕಳೆದ ಮೇಲೆ ಕಾಣಿಸಿಕೊಳ್ಳುವ ರೋಗವೊಂದು, ಆ ವಯಸ್ಸನ್ನು ಮುಟ್ಟುವವರೇ ಕಡಮೆಯಾದ ನಾಡಿನಲ್ಲಿ ವಿರಳವಾಗಿ ತೋರಿದ್ದು ನವಣೆಯ ಪ್ರಭಾವದಿಂದಲ್ಲ.

ಇದು ನನ್ನ ಸ್ವಂತ ಶೋಧವಲ್ಲ. 1917ರಿಂದ 1932ರವರೆಗಿನ ವೈದ್ಯಕೀಯ ಕಾಲೇಜು ಆಸ್ಪತ್ರೆಗಳ ದಾಖಲೆಗಳನ್ನು ಶೋಧಿಸಿ, ನಡುವಯಸ್ಸು ದಾಟಿದ ಭಾರತೀಯರಲ್ಲಿ ಅರ್ಬುದದ ಸಾವು ಇಂಗ್ಲೆಂಡಿನಲ್ಲಿದ್ದಂತೆಯೇ ಇದೆಯೆಂದೂ, ಒಟ್ಟು ಸಂಖ್ಯೆಯ ಅಲ್ಪತೆಗೆ ಅಲ್ಪಾಯುಸ್ಸೇ ಕಾರಣವೆಂದೂ ನಾಥ್ ಮತ್ತು ಗ್ರೆವಾಲ್ 1935ರಿಂದ 1939ರೊಳಗೆ ಪ್ರಕಟಿಸಿದ ಪ್ರಬಂಧಗಳಲ್ಲಿ ತೋರಿಸಿಕೊಟ್ಟರು. ರೆಂಚ್ ಅವರನ್ನು ಬಲ್ಲವರು ಇವರನ್ನು ಅರಿಯದಿರುವುದು ನಮ್ಮ ವಿದ್ವತ್ತಿನ ದೌರ್ಭಾಗ್ಯ. ಮದರಾಸಿನ ಶಸ್ತ್ರವೈದ್ಯ ನಿಬ್ಲಾಕ್ ಅವರಂತೂ 1902ರಲ್ಲಿಯೇ ಕೆನ್ನೆಯ ಅರ್ಬುದಕ್ಕೂ ತಾಂಬೂಲ ಚರ್ವಣಕ್ಕೂ ಇರುವ ಸಂಬಂಧವನ್ನು ಗುರುತಿಸಿದ್ದರು.

ಹಿಂದಿನವರ ದುಡಿಮೆಯೇ ವ್ಯಾಯಾಮವೆಂಬ ಮಾತನ್ನೂ ಹತ್ತಿರದಿಂದ ನೋಡಬೇಕು. ಮೊಳಕಾಲ್ಮೂರಿನ ನೇಕಾರ ಗುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಬೆಳಗಿನಿಂದ ಬೈಗಿನವರೆಗೆ ಕೂರುತ್ತಾನೆ. ಪಾದ ಹಲಗೆಯನ್ನು ತುಳಿಯುತ್ತದೆ, ಕೈ ಲಾಳಿಯನ್ನು ಆಡಿಸುತ್ತದೆ, ಸೊಂಟ ಮಾತ್ರ ಕದಲುವುದಿಲ್ಲ. ಬೆನ್ನು ಸೋಲುವುದು ದಿಟ. ಉಸಿರು ಬಿರುಸಾಗದ ಈ ಶ್ರಮ ವೇಗದ ನಡಿಗೆಗೆ ಸಮನಲ್ಲ. ಹಾಗೆಯೇ, ಈ ಸೀಮೆಯ ಮ್ಯಾಸಬೇಡ ಸಮುದಾಯದವರು ಕೋಳಿಯನ್ನೂ ಮದ್ಯವನ್ನೂ ವರ್ಜಿಸಿದ್ದನ್ನು ರೋಗನಿರೋಧದ ವಿಧಿಯಾಗಿ ಓದುವವರಿದ್ದಾರೆ. ಅದು ಕುಲಾಚಾರ, ಚಿಕಿತ್ಸಾಶಾಸ್ತ್ರವಲ್ಲ.

ಹಾಗಾದರೆ ಆಹಾರ, ವ್ಯಾಯಾಮಗಳು ನಿರರ್ಥಕವೇ? ಅಲ್ಲ, ಅವುಗಳ ಸ್ಥಾನ ಬೇರೆ. ಸ್ತನಾರ್ಬುದದ ಚಿಕಿತ್ಸೆ ಪಡೆದ 3,088 ಸ್ತ್ರೀಯರಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ, ಕಾಯಿಪಲ್ಲೆ-ಹಣ್ಣುಗಳನ್ನು ಹೇರಳವಾಗಿ ಸೇವಿಸಿದ ಮಾತ್ರಕ್ಕೆ ರೋಗ ಮರುಕಳಿಸುವುದು ತಗ್ಗಲಿಲ್ಲ. ಚಿಕಿತ್ಸೆಯ ನಡುವೆ ಆಹಾರದ ಮುಖ್ಯ ಕಾರ್ಯ ದೇಹ ಸೊರಗದಂತೆ ಕಾಯುವುದು: ಬಾಯಿ ಹುಣ್ಣಾದಾಗ ರಾಗಿಯ ಅಂಬಲಿ, ಮೆತ್ತಗೆ ಬೆಂದ ಬೇಳೆ, ಮೊಟ್ಟೆ. ಪಥ್ಯದ ಹೆಸರಿನಲ್ಲಿ ಇವನ್ನೂ ಬಿಡಿಸುವುದು ರೋಗಿಗೆ ಮಾಡುವ ದ್ರೋಹ. ಚಳ್ಳಕೆರೆಯ ಶೇಂಗಾ ಪುಷ್ಟಿಕರವೇ ಸರಿ. ಬೂಷ್ಟು ಹಿಡಿದ ಕಾಳಿನಲ್ಲಿ ಮಾತ್ರ ಯಕೃತ್ತಿನ ಅರ್ಬುದಕ್ಕೆ ಕಾರಣವಾಗುವ ಅಫ್ಲಾಟಾಕ್ಸಿನ್ ಇರಬಹುದಾದ್ದರಿಂದ ಅದನ್ನು ಬಿಸಾಡತಕ್ಕದ್ದು. ವ್ಯಾಯಾಮದ ಪರವಾಗಿರುವ ಆಧಾರ ಆಹಾರದ್ದಕ್ಕಿಂತ ಬಲವಾದುದು. ರೋಗಿ ವಿಶ್ರಮಿಸಬೇಕೆಂಬ ಹಳೆಯ ಮತವನ್ನು ಮ್ಯಾಕ್‌ವಿಕಾರ್ ಮತ್ತು ವಿನ್ನಿಂಗ್‌ಹ್ಯಾಮ್ 1980ರ ದಶಕದಲ್ಲಿ ಅಲುಗಿಸಿದರು. 2025ರಲ್ಲಿ ಪ್ರಕಟವಾದ ದೊಡ್ಡಕರುಳಿನ ಅರ್ಬುದದ ಪ್ರಯೋಗದ 889 ಮಂದಿಯಲ್ಲಿ, ಮೂರು ವರ್ಷದ ಕ್ರಮಬದ್ಧ ವ್ಯಾಯಾಮದ ಪಂಗಡಕ್ಕೆ ಸೇರಿದವರ ಪೈಕಿ ಶೇ. 80.3ರಷ್ಟು ಜನ ಐದು ವರ್ಷಗಳ ತರುವಾಯವೂ ರೋಗವಿಲ್ಲದೆ ಇದ್ದರು, ಆರೋಗ್ಯದ ತಿಳಿವಳಿಕೆಯನ್ನಷ್ಟೇ ಪಡೆದವರಲ್ಲಿ ಶೇ. 73.9. ಇವರೆಲ್ಲರೂ ಮೊದಲು ಶಸ್ತ್ರಚಿಕಿತ್ಸೆಯನ್ನೂ ಔಷಧಿಯನ್ನೂ ಪಡೆದವರೆಂಬುದನ್ನು ನಮ್ಮ ಭಾಷಣಕಾರರು ಮರೆಮಾಚಲಾಗದು.

ಬೆಂಗಳೂರಿನಲ್ಲಿ ಕಿದ್ವಾಯಿ ಅರ್ಬುದ ಚಿಕಿತ್ಸಾ ಸಂಸ್ಥೆ ಆರಂಭವಾದದ್ದು 1973ರಲ್ಲಿ. ಆ ನಗರದ ಅರ್ಬುದ ನೋಂದಣಿ ಮೊದಲಾದದ್ದು 1982ರಲ್ಲಿ. ಅದಕ್ಕೆ ಹಿಂದಿನ ಮೌನವನ್ನು ಆರೋಗ್ಯವೆಂದು ಓದುವುದನ್ನು ನಮ್ಮ ಬರೆಹಗಾರರು ಕೈಬಿಡಲಿ. ರೋಗಿಗಳು ಮೊದಲು ಚಿಕಿತ್ಸೆಗೆ ಹೋಗಲಿ, ನವಣೆಯನ್ನು ಉಣ್ಣಲಿ, ವೈದ್ಯರನ್ನು ಕೇಳಿ ದಿನವೂ ನಡೆಯಲಿ.